‘ಲೈನ್’ ಎಂಬ ಮಾತು: ಹಳಿಯಿಂದ ಅಗಸಿಯವರೆಗೆ

ಇದು ದತ್ತಿ ಉಪನ್ಯಾಸ.

ದತ್ತಿ ಎಂಬುದು ಈ ನೆಲಕ್ಕೆ ಹಳೆಯ ಮಾತು. ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಅಲ್ಲಿನ ಘಟಿಕಾಸ್ಥಾನಕ್ಕೆ ಬಿಟ್ಟ ದತ್ತಿಯನ್ನು ಅದು ಲೆಕ್ಕವಿಟ್ಟು ಹೇಳುತ್ತದೆ: ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 50 ವಿದ್ಯಾರ್ಥಿಗಳು, ಅವರಿಗೆ ಕಲಿಸುವ ಉಪಾಧ್ಯಾಯರು, ಇವರ ಜೊತೆಗೆ ಆರು ಮಂದಿ ಸರಸ್ವತೀ ಭಾಂಡಾರಿಗರು. ಪುಸ್ತಕ ಕಾಯುವವರನ್ನು ಆ ಕಾಲದ ಜನ ಸರಸ್ವತಿಯ ಭಂಡಾರ ಕಾಯುವವರು ಎಂದು ಕರೆದರು. ಅದೇ ಕೆಲಸ ಮಾಡುವವರನ್ನು ಇಂದು ನಾವು ಲೈಬ್ರರಿಯನ್ ಎನ್ನುತ್ತೇವೆ. ಒಂದು ಮಾತು ಹೋಯಿತು, ಇನ್ನೊಂದು ಬಂತು. ಹೋದದ್ದಕ್ಕೆ ಅಳಬೇಕೋ, ಬಂದದ್ದನ್ನು ಒಪ್ಪಬೇಕೋ ಎಂಬ ಪ್ರಶ್ನೆ ಭಾಷೆಯ ಕೆಲಸದಲ್ಲಿ ತೊಡಗಿದ ಎಲ್ಲರನ್ನೂ ಕಾಡುತ್ತದೆ. ನನ್ನನ್ನೂ ಕಾಡಿದೆ. ಅದಕ್ಕೆ ಉತ್ತರವನ್ನು ದೊಡ್ಡ ಸಿದ್ಧಾಂತಗಳಲ್ಲಿ ಹುಡುಕುವ ಬದಲು ಒಂದೇ ಒಂದು ಇಂಗ್ಲಿಷ್ ಪದವನ್ನು ಹಿಡಿದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂಬ ನಮ್ಮ ಐದೂ ಊರು ಸುತ್ತಿ ಬರೋಣ ಎಂದುಕೊಂಡಿದ್ದೇನೆ. ಆ ಪದ ‘ಲೈನ್’.

ಈ ಪದ ನನ್ನನ್ನು ಹಿಡಿದದ್ದು ಒಂದು ಸಂಜೆ. ನಮ್ಮ ಓಣಿಯಲ್ಲಿ ಕರೆಂಟು ಹೋಗಿತ್ತು. ಲೈನ್‌ಮ್ಯಾನ್ ಹುಡುಗರಿಬ್ಬರು ಬಂದಿದ್ದರು. ಒಬ್ಬ ಫೋನಿನಲ್ಲಿ ಮಾತಾಡಿ ಮುಗಿಸಿ, ಕಂಬದ ಬುಡದಲ್ಲಿ ನಿಂತವನಿಗೆ ಕೂಗಿ ಹೇಳಿದ: “ಲೈನ್ ಕ್ಲಿಯರ್ ಸಿಕ್ಕದ, ಹತ್ತು!” ಪಕ್ಕದ ಕಟ್ಟೆಯ ಮೇಲೆ ನಮ್ಮ ಕಾಕಾ ಕೂತಿದ್ದರು. ಆಯುಷ್ಯವೆಲ್ಲ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ದುಡಿದವರು. ಆ ಕೂಗು ಕಿವಿಗೆ ಬಿದ್ದದ್ದೇ ತಡ, ಕೋಲು ಊರಿ ಎದ್ದು ನಿಂತರು. “ಏ ತಮ್ಮಾ, ಇಳೀ ಇಳೀ! ಲೈನ್ ಕ್ಲಿಯರ್ ಸಿಕ್ಕದ ಅಂದ್ರ ಬರಲತ್ತದ ಅಂತ!” ಹತ್ತಲು ಶುರುಮಾಡಿದ್ದ ಹುಡುಗ ಗಾಬರಿಯಾಗಿ ಕೈ ಬಿಟ್ಟು ಇಳಿದ. ಆಮೇಲೆ ಸಮಾಧಾನದಿಂದ ಹೇಳಿದ: “ಕಾಕಾ, ನಮ್ಮದ್ರಾಗ ಲೈನ್ ಕ್ಲಿಯರ್ ಅಂದ್ರ ಬರಂಗಿಲ್ಲ ಅಂತ ರೀ.”

ಇಬ್ಬರೂ ಸರಿ ಹೇಳಿದ್ದರು. ಕಾಕಾ ದುಡಿದ ಜಗತ್ತಿನಲ್ಲಿ ಆ ಎರಡು ಪದಗಳ ಅರ್ಥ ಗಾಡಿ ಬರುತ್ತದೆ, ಹಳಿಯಿಂದ ಸರಿ ಎಂದು. ಹುಡುಗ ದುಡಿಯುವ ಜಗತ್ತಿನಲ್ಲಿ ಅದೇ ಪದಗಳ ಅರ್ಥ ಕರೆಂಟು ಬರುವುದಿಲ್ಲ, ಕಂಬ ಹತ್ತು ಎಂದು. ಒಂದೇ ಮಾತು, ಎದುರುಬದುರು ಅರ್ಥ, ಎರಡೂ ಕಡೆ ಒಂದು ಜೀವ ಅದರ ಮೇಲೆ ನಿಂತಿದೆ. ಅವತ್ತು ರಾತ್ರಿ ನಾನು ನಿಘಂಟು ತೆಗೆದು ನೋಡಿದೆ. ಗೆರೆ, ಸಾಲು, ರೇಖೆ, ಪಂಕ್ತಿ, ದಾರ, ತಂತಿ, ಹಳಿ, ಎಲ್ಲೆ, ವಂಶ, ಕಸುಬು ಎಂದು ಅರ್ಥಗಳ ದೊಡ್ಡ ಸಾಲೇ ಇತ್ತು. ಆದರೆ ಕಾಕಾ ಯಾಕೆ ಎದ್ದು ನಿಂತರು ಎಂಬುದು ಅದರಲ್ಲಿ ಇರಲಿಲ್ಲ. ಆ ಅರ್ಥ ಕಾಕಾನ ಮೈಯಲ್ಲಿ ಇತ್ತು.

ಈ ಮಾತು ನಮ್ಮ ಕಡೆಗೆ ಹೇಗೆ ಬಂತು ಎಂಬುದರಿಂದ ಶುರು ಮಾಡುತ್ತೇನೆ. 1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಆ ದಾರಿ ಶಹಾಬಾದ್ ಮತ್ತು ವಾಡಿಯನ್ನು ಹಾದು ಹೋಗುತ್ತದೆ. ಹೈದರಾಬಾದ್ ಸಂಸ್ಥಾನದ ರಾಜಧಾನಿ ಮಾತ್ರ ಆ ದಾರಿಗೆ ದೂರ ಉಳಿದಿತ್ತು. ಒಂದನೆಯ ಸಾಲಾರ್ ಜಂಗ್ ದಿವಾನರಾಗಿದ್ದ ಕಾಲದಲ್ಲಿ, ನಿಜಾಮರ ಹಣದಿಂದ ವಾಡಿಯಿಂದ ಸಿಕಂದರಾಬಾದಿಗೆ ಇನ್ನೊಂದು ಹಳಿ ಹಾಸಿದರು. ಅದು 1874ರಲ್ಲಿ ತೆರೆಯಿತು. ವಾಡಿ ಎಂದರೆ ಸಣ್ಣ ಹಳ್ಳಿ, ನಾಲ್ಕು ಮನೆಯ ಊರು. ಎರಡು ಹಳಿ ಕೂಡಿದ್ದರಿಂದ ಆ ಸಣ್ಣ ಹೆಸರಿನ ಊರು ದೇಶಕ್ಕೆಲ್ಲ ಗೊತ್ತಿರುವ ಜಂಕ್ಷನ್ ಆಯಿತು.

ಆ ಹಳಿ ಚಿತ್ತಾಪುರ ದಾಟಿ, ಮಳಖೇಡ ರೋಡ್ ದಾಟಿ, ಸೇಡಂಗೆ ಬಂದು, ಕುರಕುಂಟಾ ಹಾದು ತಾಂಡೂರಿನತ್ತ ಹೋಗುತ್ತದೆ. ನಮ್ಮ ಸೇಡಂ ರೈಲ್ವೆಯವರ ಬಾಯಲ್ಲಿ ‘ಸೇರಂ’ ಆಯಿತು. ‘ಮಳಖೇಡ ರೋಡ್’ ಎಂಬ ಹೆಸರನ್ನು ನೋಡಿ. ರೈಲ್ವೆಯ ಭಾಷೆಯಲ್ಲಿ ಊರಿನ ಹೆಸರಿಗೆ ರೋಡ್ ಎಂದು ಬಾಲ ಸೇರಿದರೆ, ಊರು ಇಲ್ಲಿಲ್ಲ, ಇಲ್ಲಿಂದ ಅಲ್ಲಿಗೆ ದಾರಿ ಇದೆ ಎಂದು ಅರ್ಥ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ ಹೆಸರು ಒಂದು ಸಣ್ಣ ನಿಲ್ದಾಣದ ಫಲಕದ ಮೇಲೆ ಹೀಗೆ ಉಳಿದಿದೆ.

ಜನ ಇದನ್ನು ಲೈನ್ ಎಂದರು. ಪತ್ರಿಕೆಯಲ್ಲಿ ಹಳಿ ಎಂದು ಬರೆಯುತ್ತೇವೆ, ಕೆಲವರು ಪಟ್ರಿ ಎನ್ನುತ್ತಾರೆ. ಆದರೆ ಹಳಿ ಎಂದರೆ ಆ ಎರಡು ಕಬ್ಬಿಣದ ಸರಳು ಮಾತ್ರ. ಲೈನ್ ಎಂದರೆ ಅದರ ಸುತ್ತಲಿನ ಇಡೀ ಬದುಕು. “ಲೈನಿನಾಚೆ ಮನಿ ಮಾಡ್ಯಾರ” ಎಂದರೆ ಊರಿನ ಯಾವ ಭಾಗ, ಅಲ್ಲಿ ಬಾಡಿಗೆ ಎಷ್ಟು, ಮಳೆಗಾಲದಲ್ಲಿ ದಾರಿ ಹೇಗೆ ಎಂಬುದೆಲ್ಲ ಕೇಳುವವರಿಗೆ ತಿಳಿಯುತ್ತದೆ. ಶಹಾಬಾದಿನ ನಮ್ಮ ಬಾಲ್ಯದಲ್ಲಿ ಅವ್ವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು “ಲೈನ್ ದಾಟಬ್ಯಾಡ್ರೋ”. ನನ್ನ ಪಾಲಿಗೆ ಲೈನ್ ಎಂಬ ಪದದ ಮೊದಲ ಅರ್ಥ ಅವ್ವನ ಹೆದರಿಕೆ. ನಾನು ಇಂಗ್ಲಿಷ್ ಅಕ್ಷರ ಕಲಿಯುವ ಎಷ್ಟೋ ಮೊದಲು ಈ ಪದ ನನಗೆ ಕನ್ನಡದ ಮಾತಾಗಿಯೇ ಬಂದಿತ್ತು.

ರೈಲ್ವೆಯ ಲೈನ್ ಕ್ಲಿಯರ್ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಒಂಟಿ ಹಳಿಯ ಮೇಲೆ ಎರಡೂ ದಿಕ್ಕಿನ ಗಾಡಿಗಳು ಓಡಬೇಕು. ಹಾಗಾಗಿ ಮುಂದಿನ ಸ್ಟೇಷನ್ನಿನ ಮಾಸ್ತರರು ದಾರಿ ಖಾಲಿ ಇದೆ ಎಂದು ಒಪ್ಪಿಗೆ ಕೊಡುವ ತನಕ ಈ ಸ್ಟೇಷನ್ನಿನಿಂದ ಗಾಡಿ ಬಿಡುವಂತಿಲ್ಲ. ಒಪ್ಪಿಗೆಯ ಗುರುತಾಗಿ ಯಂತ್ರದಿಂದ ಒಂದು ಲೋಹದ ಗುಂಡು ಹೊರಬರುತ್ತಿತ್ತು. ಎರಡು ಸ್ಟೇಷನ್ನುಗಳ ಯಂತ್ರಗಳು ತಂತಿಯಿಂದ ಹೇಗೆ ಕೂಡಿಕೊಂಡಿರುತ್ತಿದ್ದವು ಎಂದರೆ, ಒಂದು ಗುಂಡು ಹೊರಗಿರುವಾಗ ಇನ್ನೊಂದು ಹೊರಬರಲು ಸಾಧ್ಯವೇ ಇರಲಿಲ್ಲ. ಆ ಗುಂಡನ್ನು ಚರ್ಮದ ಚೀಲದಲ್ಲಿ ಇಟ್ಟು, ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಓಡುವ ಗಾಡಿಯ ಡ್ರೈವರನ ಕೈಗೆ ಸಿಗುವ ಹಾಗೆ ಎತ್ತಿ ಹಿಡಿಯುತ್ತಿದ್ದರು. ಕತ್ತಲಲ್ಲಿ, ಮಳೆಯಲ್ಲಿ, ಬುಸುಗುಡುವ ಎಂಜಿನ್ನಿನ ಪಕ್ಕ ಆ ಬಳೆ ಹಿಡಿದು ನಿಂತವರಿಗೆ ಲೈನ್ ಕ್ಲಿಯರ್ ಬರೀ ಪಾರಿಭಾಷಿಕ ಪದವಾಗಿ ಉಳಿಯುವುದಿಲ್ಲ.

ಅಲ್ಲಿಂದ ಆ ಮಾತು ಊರಿಗೆ ಇಳಿಯಿತು. ಹೆಣ್ಣಿನ ಕಡೆಯವರು ಒಪ್ಪಿದರೆ “ಲೈನ್ ಕ್ಲಿಯರ್ ಆತು” ಎಂದರು. ತಹಶೀಲ್ ಕಚೇರಿಯ ಕಡತಕ್ಕೆ ಸಹಿ ಬಿದ್ದರೂ ಲೈನ್ ಕ್ಲಿಯರ್. ರೈಲ್ವೆಯ ಲೂಪ್ ಲೈನ್ ಕೂಡ ಹೀಗೇ ಬಂತು. ಹಿಂದಿನಿಂದ ಬರುವ ವೇಗದ ಗಾಡಿಗೆ ದಾರಿ ಬಿಡಲು ನಿಧಾನದ ಗಾಡಿಯನ್ನು ಮೇನ್ ಲೈನಿನಿಂದ ಸರಿಸಿ ಪಕ್ಕದ ಹಳಿಯ ಮೇಲೆ ನಿಲ್ಲಿಸುತ್ತಾರೆ, ಅದು ಲೂಪ್ ಲೈನ್. ಪ್ಯಾಸೆಂಜರ್ ಗಾಡಿಯಲ್ಲಿ ಕೂತು, ಪಕ್ಕದಲ್ಲಿ ಎಕ್ಸ್‌ಪ್ರೆಸ್ ಧೂಳೆಬ್ಬಿಸಿ ಹೋಗುವುದನ್ನು ನೋಡಿದ ಜನವೇ, ಕೆಲಸ ಬಲ್ಲ ಅಧಿಕಾರಿಯನ್ನು ಮೂಲೆಗೆ ಕೂರಿಸಿದಾಗ “ಅವರಿಗೆ ಲೂಪ್ ಲೈನಿಗೆ ಹಾಕ್ಯಾರ” ಎಂದರು. ಕಾಯಿಸಿಕೊಂಡವರ ಅನುಭವ ಆ ಪದಕ್ಕೆ ಹೊಸ ಅರ್ಥ ಕೊಟ್ಟಿತು.

ಇನ್ನು ವಿದ್ಯುತ್ತಿನ ಲೈನ್. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತೆಗೆದುಕೊಳ್ಳುತ್ತಾನೆ. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಅಲ್ಲಿನವರು ಆ ಮಾರ್ಗದ ಕರೆಂಟು ತೆಗೆದು, ಪುಸ್ತಕದಲ್ಲಿ ಹೆಸರು ಮತ್ತು ಹೊತ್ತು ಬರೆದುಕೊಂಡು, ಈಗ ಹತ್ತಬಹುದು ಎನ್ನುತ್ತಾರೆ. ಇವನು ತಂತಿಯನ್ನು ನೆಲಕ್ಕೆ ಜೋಡಿಸಿ, ಕೆಲಸ ಮುಗಿಸಿ, ಇಳಿದು ಬಂದು ಎಲ್‌ಸಿ ಹಿಂತಿರುಗಿಸಬೇಕು. ಹಿಂತಿರುಗಿಸುವ ಮೊದಲೇ ಯಾರಾದರೂ ಗುಂಡಿ ಒತ್ತಿದರೆ ಮನೆಗೆ ಹೆಣ ಹೋಗುತ್ತದೆ. ಜೆಸ್ಕಾಂ ಸೇರಿ ರಾಜ್ಯದ ವಿದ್ಯುತ್ ಕಂಪನಿಗಳ ಕಾಗದದಲ್ಲಿ ಈಗ ಆ ಹುದ್ದೆಗೆ ಪವರ್‌ಮ್ಯಾನ್ ಎಂಬ ಹೊಸ ಹೆಸರು ಬಂದಿದೆ. ಊರಿನ ಬಾಯಲ್ಲಿ ಅವನು ಇಂದಿಗೂ ಲೈನ್‌ಮ್ಯಾನೇ. ಅವನ ಕೆಲಸ ಲೈನಿನ ಮೇಲೆ ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡ ಜನ ಆ ಹೆಸರನ್ನು ಬಿಡುತ್ತಿಲ್ಲ.

ಕಾಕಾ ಮತ್ತು ಆ ಹುಡುಗ, ಇಬ್ಬರ ಅರ್ಥಗಳೂ ಎದುರುಬದುರು ಎಂದೆ. ಆಮೇಲೆ ಯೋಚಿಸಿದಾಗ ಎರಡರ ತಳ ಒಂದೇ ಎಂದು ಹೊಳೆಯಿತು. ದಾರಿಯಲ್ಲಿ ಜೀವ ತೆಗೆಯುವಂಥದ್ದು ಏನೂ ಇಲ್ಲ ಎಂದು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ, ಕಣ್ಣಿಗೆ ಕಾಣದ ದೂರದಿಂದ, ಕೊಡುವ ಮಾತು ಅದು. ಮಾತು ಕೊಡುವುದು ಎಂದರೆ ಏನೆಂದು ಕನ್ನಡದವರಿಗೆ ಬೇರೆ ಹೇಳಬೇಕಾಗಿಲ್ಲ. ಪದ ಇಂಗ್ಲಿಷಿನದು, ಆದರೆ ಅದರ ಮೇಲೆ ನಂಬಿಕೆಯ ಭಾರ ಹೊರಿಸಿದವರು ನಮ್ಮವರು.

ಈಗ ಇದೇ ಪದ ನಮ್ಮ ಮಾತೊಂದನ್ನು ಬದಿಗೆ ಸರಿಸುತ್ತಿರುವ ಜಾಗಕ್ಕೆ ಬರುತ್ತೇನೆ. ತೊಗರಿ ಖರೀದಿ ಕೇಂದ್ರದ ಮುಂದೆ, ರೇಷನ್ ಅಂಗಡಿಯ ಮುಂದೆ, ನಳದ ಮುಂದೆ ಈಗ ಕೇಳುವ ಮಾತು “ಲೈನ್ ಹಚ್ಚಿ ನಿಂದ್ರಿ”. ನಮ್ಮ ಹಿರಿಯರು “ಪಾಳಿ ಹಚ್ಚು” ಎನ್ನುತ್ತಿದ್ದರು. ಪಾಳಿ ಎಂದರೆ ಸಾಲು, ಪಾಳಿ ಎಂದರೆ ಸರದಿಯೂ ಹೌದು. ಹೆಣ್ಣುಮಕ್ಕಳು ನಳದ ಮುಂದೆ ಕೊಡಗಳನ್ನು ಪಾಳಿಗೆ ಇಟ್ಟು ಮನೆಗೆ ಹೋಗಿ ರೊಟ್ಟಿ ಬಡಿದು ಬರುತ್ತಿದ್ದರು. ಅವರು ಇಲ್ಲದಿದ್ದರೂ ಅವರ ಪಾಳಿ ಅಲ್ಲೇ ಇರುತ್ತಿತ್ತು, ಯಾರೂ ಕೊಡ ಸರಿಸುತ್ತಿರಲಿಲ್ಲ. ಕಾರ್ಖಾನೆಯ ರಾತ್ರಿ ಕೆಲಸಕ್ಕೂ ಅದೇ ಮಾತು: ರಾತ್ರಿ ಪಾಳಿ. ಲೈನ್ ಎಂದಾಗ ಒಬ್ಬರ ಹಿಂದೆ ಒಬ್ಬರು ನಿಂತ ಮೈಗಳು ಕಾಣುತ್ತವೆ. ಪಾಳಿ ಎಂದಾಗ ಒಬ್ಬೊಬ್ಬರಿಗೂ ಸಲ್ಲಬೇಕಾದ ಹಕ್ಕು ಕಾಣುತ್ತದೆ. “ನಂದು ಪಾಳಿ” ಎಂದು ಹೇಳಿದ ಹಾಗೆ “ನಂದು ಲೈನ್” ಎಂದು ಹೇಳಲು ಬರುವುದಿಲ್ಲ.

ಈ ಪಾಳಿಯ ವಯಸ್ಸು ಕೇಳಿದರೆ ಬೆರಗಾಗುತ್ತದೆ. ಬೌದ್ಧರ ಗ್ರಂಥಭಾಷೆಗೆ ಪಾಳಿ ಎಂಬ ಹೆಸರು ಬಂದದ್ದೂ ಸಾಲು, ಗ್ರಂಥದ ಮೂಲಪಾಠ ಎಂಬ ಅರ್ಥದಿಂದಲೇ ಎಂದು ವಿದ್ವಾಂಸರು ವಿವರಿಸುತ್ತಾರೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮೆಯ ದಂಡೆಯ ಮೇಲೆ, ಅಶೋಕನ ಶಾಸನ ಸಿಕ್ಕಿದ್ದು ನಿಮಗೆ ಗೊತ್ತು. 1986ರಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಕಾ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳ ಸಾಲುಗಳು ಕಂಡವು. ಅದರ ಭಾಷೆ ಪ್ರಾಕೃತ, ಪಾಳಿಗೆ ಹತ್ತಿರದ ನಂಟು. ಕಲ್ಲಿನ ಮೇಲೆ ಅಕ್ಷರದ ಪಾಳಿ, ನಳದ ಮುಂದೆ ಕೊಡದ ಪಾಳಿ. ಇಷ್ಟು ದೂರ ನಡೆದು ಬಂದ ಮಾತನ್ನು ನಾವು ನಮ್ಮ ಕೈಯಾರೆ ಬಿಡಬಾರದು.

ಶಾಲೆಗೆ ಬನ್ನಿ. ಮಗು ಒಂದನೆಯ ತರಗತಿಗೆ ಹೋದರೆ ಎರಡು ಬಗೆಯ ನೋಟ್‌ಬುಕ್ ಕೊಡಿಸಬೇಕು: ಕನ್ನಡ ಬರೆಯಲು ಡಬಲ್ ಲೈನ್, ಇಂಗ್ಲಿಷ್ ಬರೆಯಲು ಫೋರ್ ಲೈನ್. ಇಂಗ್ಲಿಷ್ ಅಕ್ಷರಗಳಲ್ಲಿ ಕೆಲವು ಮೇಲೆ ಏರುತ್ತವೆ, ಕೆಲವು ಕೆಳಗೆ ಇಳಿಯುತ್ತವೆ, ಅದಕ್ಕೆ ನಾಲ್ಕು ಗೆರೆ. ನಮ್ಮ ಅಕ್ಷರ ದುಂಡಗೆ ಎರಡು ಗೆರೆಯ ನಡುವೆ ಕೂರುತ್ತದೆ, ಒತ್ತಕ್ಷರ ಮಾತ್ರ ಕಾಲು ಕೆಳಗೆ ಚಾಚುತ್ತದೆ. ಮಗುವಿನ ಚೀಲದಲ್ಲಿ ಎರಡು ಭಾಷೆಗಳು ಬೇರೆ ಬೇರೆ ಗೆರೆಗಳ ಮೇಲೆ ನಡೆಯುವುದನ್ನು ಕಲಿಯುತ್ತಿವೆ. ಎರಡನ್ನೂ ಕಲಿಯಲಿ. ಆದರೆ “ಗೆರೆ ಹಾಕು” ಎಂದರೆ ಮಗುವಿಗೆ ತಿಳಿಯದೆ “ಲೈನ್ ಎಳಿ” ಎಂದರೆ ಮಾತ್ರ ತಿಳಿಯುವಂತಾದರೆ, ಅದಕ್ಕೆ ಮನೆಯವರಾದ ನಾವೇ ಹೊಣೆ. ಹಣೆಯ ಗೆರೆ, ಅಂಗೈ ಗೆರೆ, ಮಾತು ಮೀರಿದವನು ದಾಟಿದ ಗೆರೆ, ಇವೆಲ್ಲ ಆ ಒಂದು ಪದದ ಹಿಂದೆ ಕೈಹಿಡಿದು ಬರುತ್ತವೆ. ಮುಂದಿನದನ್ನು ಬಿಟ್ಟರೆ ಹಿಂದಿನವೂ ಹೋಗುತ್ತವೆ.

ಚಿಂಚೋಳಿಯ ಕಡೆಗೆ ಹೋದರೆ ಲೈನಿಗೆ ಇನ್ನೊಂದು ಬಣ್ಣ. ಅಲ್ಲಿ ಕನ್ನಡ, ತೆಲುಗು, ಉರ್ದು, ತಾಂಡಾಗಳ ಲಂಬಾಣಿ ಮಾತು ಎಲ್ಲವೂ ಒಂದೇ ಸಂತೆಯಲ್ಲಿ ಕೇಳುತ್ತವೆ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ತಾಂಡೂರು ಆಚೆ ಉಳಿಯಿತು, ಚಿಂಚೋಳಿ ಈಚೆ ಬಂತು. ನಕಾಶೆಯ ಮೇಲಿನ ಆ ಗೆರೆಯ ಎರಡೂ ಬದಿಯಲ್ಲಿ ರೈಲಿಗೂ ಕರೆಂಟಿಗೂ ಲೈನ್ ಎಂದೇ ಹೇಳುತ್ತಾರೆ. ಗೇಣು ಮಳೆ ನಂಬಿದ ಹೊಲ ಕೈಕೊಟ್ಟ ವರ್ಷ ತಾಂಡಾದ ಮಂದಿ ಮುಂಬೈಗೆ, ಪುಣೆಗೆ ದುಡಿಯಲು ಹೋಗುತ್ತಾರೆ. ಅಲ್ಲಿ ಸೆಂಟ್ರಲ್ ಲೈನ್, ವೆಸ್ಟರ್ನ್ ಲೈನ್, ಹಾರ್ಬರ್ ಲೈನ್ ಎಂದು ಊರನ್ನೇ ಲೈನುಗಳಾಗಿ ಹಂಚಿಕೊಂಡಿದ್ದಾರೆ. ಯುಗಾದಿಗೆ ತಿರುಗಿ ಬಂದವನನ್ನು ಗೆಳೆಯರು “ಯಾವ ಲೈನಿನ್ಯಾಗ ಇದ್ದಿ?” ಎಂದು ಕೇಳುತ್ತಾರೆ. ಅವನು ಯಾವ ಹಳಿಯ ಪಕ್ಕ ವಾಸ ಎಂಬುದನ್ನೂ ಹೇಳಬಹುದು, ಯಾವ ಕಸುಬು ಎಂಬುದನ್ನೂ ಹೇಳಬಹುದು. “ಗಾರೆ ಲೈನ್”, “ಡ್ರೈವರ್ ಲೈನ್” ಎಂದು ಅವನು ಉತ್ತರ ಕೊಡುವಾಗ ಕಸುಬು ಎಂಬ ಮಾತಿಗೆ ಅಂಟಿಕೊಂಡಿದ್ದ ಜಾತಿಯ ವಾಸನೆ ಅಲ್ಲಿ ಇರುವುದಿಲ್ಲ. ಕಸುಬು ಹುಟ್ಟಿನಿಂದ ಬರುತ್ತಿತ್ತು, ಲೈನ್ ಅವನೇ ಹಿಡಿದದ್ದು. ಇಲ್ಲಿ ಎರವಲು ಪದ ಒಬ್ಬ ಮನುಷ್ಯನಿಗೆ ಬಿಡುಗಡೆ ಕೊಟ್ಟಿದೆ. ಇದನ್ನು ನಾವು ಕೃತಜ್ಞತೆಯಿಂದ ಒಪ್ಪಬೇಕು.

ಇನ್ನೊಂದು ಲೈನ್ ಇದೆ. ಅದು ಎಲ್ಲರ ಬಾಯಲ್ಲಿದೆ, ಯಾರ ಕಿವಿಗೂ ಕೇಳುವುದಿಲ್ಲ. “ನಮ್ಮದು ಬಿಪಿಎಲ್ ಅದ ರೀ” ಎಂದು ಎಷ್ಟು ಮನೆಯವರು ಹೇಳುತ್ತಾರೆ! ಆ ಮೂರು ಅಕ್ಷರಗಳಲ್ಲಿ ಕೊನೆಯದು ಲೈನ್. ಬಡತನ ರೇಖೆಗಿಂತ ಕೆಳಗೆ ಎಂಬುದು ಅದರ ಕನ್ನಡ. ರೈಲಿನ ಲೈನ್ ಕಣ್ಣಿಗೆ ಕಾಣುತ್ತದೆ, ಕರೆಂಟಿನ ಲೈನ್ ತಲೆಯ ಮೇಲೆ ಕಾಣುತ್ತದೆ. ಈ ಲೈನ್ ಮಾತ್ರ ನೆಲದ ಮೇಲೆ ಎಲ್ಲೂ ಇಲ್ಲ, ಕಚೇರಿಯ ಲೆಕ್ಕದಲ್ಲಿ ಇದೆ. ಹಾಗಿದ್ದೂ ಒಂದು ಮನೆಯ ಅಕ್ಕಿ, ಮುದುಕಿಯ ಔಷಧ, ಮಗಳ ಓದು ಅದರ ಮೇಲೆ ನಿಂತಿವೆ. ತನ್ನ ಬದುಕನ್ನು ಅಳೆಯುವ ಗೆರೆಯ ಹೆಸರು ತನಗೇ ಅರ್ಥವಾಗದಿದ್ದರೆ, ಅದನ್ನು ಎಲ್ಲಿ ಎಳೆದಿದ್ದೀರಿ ಎಂದು ಆ ತಾಯಿ ಕೇಳುವುದು ಹೇಗೆ? ಭಾಷೆಯ ಪ್ರಶ್ನೆ ನನಗೆ ಅಭಿಮಾನದ ಪ್ರಶ್ನೆಗಿಂತ ಮೊದಲು ನ್ಯಾಯದ ಪ್ರಶ್ನೆಯಾಗಿ ಕಾಣುವುದು ಇಲ್ಲಿ. ಲೂಪ್ ಲೈನಿನ ಅರ್ಥವನ್ನು ಜನ ತಾವೇ ದುಡಿದು ಗಳಿಸಿಕೊಂಡರು. ಬಿಪಿಎಲ್ ಎಂಬುದನ್ನು ಅವರ ಮೇಲೆ ಮುದ್ರೆಯಂತೆ ಒತ್ತಲಾಯಿತು. ಎರವಲು ಪದ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ನನ್ನ ಅಳತೆಗೋಲು ಇದೇ: ಅದನ್ನು ಆಡುವವರು ಅದನ್ನು ಪ್ರಶ್ನಿಸಬಲ್ಲರೇ?

ಈ ಮಾತಿಗೆ ನನಗೆ ಆಧಾರ ಕೊಡುವವರು ನಮ್ಮ ಸೇಡಂ ತಾಲ್ಲೂಕಿನವರೇ. ಇಲ್ಲಿಂದ ಸ್ವಲ್ಪ ದೂರದಲ್ಲಿ, ಕಾಗಿಣಾ ದಂಡೆಯ ಮಳಖೇಡದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅವನ ಆಸ್ಥಾನದಲ್ಲಿ ಶ್ರೀವಿಜಯ ಕವಿರಾಜಮಾರ್ಗವನ್ನು ಬರೆದ. ಇಂದು ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಆ ಮೊದಲ ಗ್ರಂಥದಲ್ಲೇ ಪರಭಾಷೆಯ ಮಾತನ್ನು ಏನು ಮಾಡಬೇಕು ಎಂಬ ಚರ್ಚೆ ಇದೆ. ಅಂದಿನ ಇಂಗ್ಲಿಷ್ ಸಂಸ್ಕೃತವಾಗಿತ್ತು. ಶ್ರೀವಿಜಯ ಸಂಸ್ಕೃತವನ್ನು ಹೊರಗಿಡು ಎನ್ನಲಿಲ್ಲ. ಹದ ತಿಳಿಯದೆ ಎರಡನ್ನೂ ಸಮಾಸದಲ್ಲಿ ಕಲಸಿದರೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಕೆಡುತ್ತದೆ ಎಂದ. ಅವನ ಹೋಲಿಕೆಯನ್ನು ಅಡುಗೆಮನೆಯವರು ಇನ್ನೂ ಚೆನ್ನಾಗಿ ಅರಿಯಬಲ್ಲರು. ಮಜ್ಜಿಗೆ ವಿಷವಲ್ಲ. ಅದೇ ಹನಿಯನ್ನು ಕಾಸಿ ಆರಿಸಿದ ಹಾಲಿಗೆ ಹಾಕಿದರೆ ಮೊಸರಾಗುತ್ತದೆ. ಹಾಲು ಒಡೆಯುವುದೋ ಹೆಪ್ಪುಗಟ್ಟುವುದೋ ಎಂಬುದು ಹೊತ್ತು, ಹದ, ಕೈ ನೋಡಿ ತೀರ್ಮಾನವಾಗುತ್ತದೆ. ಲೂಪ್ ಲೈನ್ ಹೆಪ್ಪಾಯಿತು, ಬಿಪಿಎಲ್ ಹಾಲನ್ನು ಒಡೆಯಿತು.

ಇನ್ನು ಈ ಪದದ ಬೇರಿಗೆ ಹೋಗಿ ಮಾತು ಮುಗಿಸುತ್ತೇನೆ. ಬೇರು ನಮ್ಮ ಕಸುಬುಗಳ ಒಳಗೇ ಇದೆ.

ಶಹಾಬಾದ್ ಕಲ್ಲು ಎಂದು ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಪರ್ಸಿ ನಮ್ಮ ಖಣಿಗಳದು. ಭೀಮಾ ಕಣಿವೆಯ ಈ ಸುಣ್ಣದ ಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿದೆ. ಖಣಿಯಲ್ಲಿ ಕಲ್ಲಿನ ಮೇಲೆ ಗೆರೆ ಹಾಕಿ, ಆ ಗೆರೆಯ ಗುಂಟ ಉಳಿ ಇಟ್ಟು ಸುತ್ತಿಗೆಯಿಂದ ಬಡಿಯುತ್ತಾ ಹೋದರೆ ಕಲ್ಲು ಗೆರೆಯ ಮಾತು ಕೇಳಿ ಬಿಡಿಸಿಕೊಳ್ಳುತ್ತದೆ. ಅದೇ ಸುಣ್ಣದ ಕಲ್ಲಿನಿಂದ ಸಿಮೆಂಟಿನ ಕಾರ್ಖಾನೆಗಳು ಬಂದವು. ವಾಡಿಯ ಎಸಿಸಿ 1968ರಲ್ಲಿ ಶುರುವಾಯಿತು. ಆಮೇಲೆ ಮಳಖೇಡ, ಸೇಡಂ, ಚಿಂಚೋಳಿ ಕಡೆಗೂ ಚಿಮಣಿಗಳು ಎದ್ದವು. ಅಲ್ಲಿ ದುಡಿಯುವವರಿಗೆ ಲೈನಿಂಗ್ ಎಂಬ ಮಾತು ಗೊತ್ತು. ತಿರುಗುವ ಕಿಲ್ನ್ ಒಳಗೆ ಕಲ್ಲು ಸುಮಾರು 1,450 ಡಿಗ್ರಿ ಕಾವಿನಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ಉಕ್ಕಿನ ಕೊಳವೆ ಆ ಕಾವಿಗೆ ಕೆಡದಿರಲಿ ಎಂದು ಒಳಗೆ ಬೆಂಕಿ ತಡೆಯುವ ಇಟ್ಟಿಗೆ ಕೂಡಿಸುತ್ತಾರೆ, ಅದು ಲೈನಿಂಗ್. ಅವರ ಮನೆಯ ಹೆಣ್ಣುಮಕ್ಕಳು ಟೇಲರ್ ಅಂಗಡಿಯಲ್ಲಿ ಜಂಪರಿಗೆ ಹಾಕಿಸುವುದೂ ಲೈನಿಂಗ್. ಹಿಂದೆ ಅದಕ್ಕೆ ಅಸ್ತರ ಎನ್ನುತ್ತಿದ್ದೆವು, ಅದು ಪಾರಸಿಯಿಂದ ಉರ್ದು ಹಾದು ಬಂದ ಮಾತು. ಬೆಂಕಿಯ ಗೂಡಿಗೂ ಜಂಪರಿಗೂ ಒಂದೇ ಹೆಸರು ಹೇಗೆ ಬಂತು? ಯುರೋಪಿನವರು ಬಟ್ಟೆಯ ಒಳಬದಿಗೆ ಲಿನನ್ ಬಟ್ಟೆ ಹೊಲಿಯುತ್ತಿದ್ದರು. ಅದರಿಂದ ಒಳಗೆ ಹಚ್ಚುವುದಕ್ಕೆಲ್ಲ ಲೈನಿಂಗ್ ಎಂಬ ಹೆಸರು ನಿಂತಿತು.

ಗೌಂಡಿಯ ಕೆಲಸ ನೋಡಿ. ಗೋಡೆ ಏರಿಸುವಾಗ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ದಾರ ಕಟ್ಟುತ್ತಾನೆ, ಅದಕ್ಕೆ ಲೈನ್ ದೋರಿ ಎನ್ನುತ್ತಾನೆ. ನಮ್ಮ ಐದೂ ಊರಿನಲ್ಲಿ ಲೈನ್ ಎಂಬ ಪದವನ್ನು ಅದರ ಹುಟ್ಟಿನ ಅರ್ಥದಲ್ಲಿ ಬಳಸುವವನು ಈ ಗೌಂಡಿ ಒಬ್ಬನೇ. ಲ್ಯಾಟಿನ್ ಭಾಷೆಯಲ್ಲಿ ‘ಲೀನಿಯಾ’ ಎಂದರೆ ದಾರ. ದಾರ ಎಳೆದಾಗ ಗೆರೆ ಆಯಿತು, ಗೆರೆಯಿಂದ ಸಾಲು, ಸಾಲಿನಿಂದ ಹಳಿ, ತಂತಿ, ಎಲ್ಲೆ, ದಾರಿ, ಕಸುಬು. ನಮ್ಮಲ್ಲೂ ಇದೇ ನಡೆದಿದೆ. ಸೂತ್ರ ಎಂದರೆ ದಾರ. ಅದರಿಂದ ನಿಯಮವೆಂಬ ಸೂತ್ರ ಬಂತು. ಅಳತೆಯ ದಾರ ಹಿಡಿದ ಶಿಲ್ಪಿ ಸೂತ್ರಧಾರನಾದ. ಎರಡು ದೂರದ ಭಾಷೆಗಳು, ಒಂದಕ್ಕೊಂದು ಗೊತ್ತಿಲ್ಲದೆ, ದಾರ ಹಿಡಿದುಕೊಂಡೇ ಜಗತ್ತನ್ನು ಅಳೆದಿವೆ.

ಆ ಲೀನಿಯಾ ಎಂಬ ದಾರ ಯಾವುದರ ದಾರ? ‘ಲೀನಮ್’ ಎಂಬ ಗಿಡದ ನಾರಿನದು. ಲಿನನ್ ಬಟ್ಟೆ, ಲಿನ್ಸೀಡ್ ಎಣ್ಣೆ, ಲೈನಿಂಗ್, ಲೈನ್ ಎಲ್ಲವೂ ಆ ಗಿಡದ ಮಕ್ಕಳು. ಅಲ್ಲಿನವರು ಅದರ ಕಾಂಡವನ್ನು ನೀರಿನಲ್ಲಿ ಕೊಳೆಹಾಕಿ ನಾರು ತೆಗೆದು ನೂತರು. ನಮ್ಮವರು ಪುಂಡಿಯ ಸೊಪ್ಪು ಪಲ್ಯ ಮಾಡಿ ಉಂಡು, ಅದರ ಕಾಂಡದ ನಾರಿನಿಂದ ಹಗ್ಗ ಹೊಸೆದ ಹಾಗೆ. 1753ರಲ್ಲಿ ಲಿನೇಯಸ್ ಆ ಗಿಡಕ್ಕೆ ಶಾಸ್ತ್ರೀಯ ಹೆಸರು ಇಡುವಾಗ, ಬಲು ಬಳಕೆಯುಳ್ಳದ್ದು ಎಂಬ ಅರ್ಥದ ವಿಶೇಷಣ ಸೇರಿಸಿದ.

ತಾಯಂದಿರೇ, ಆ ಗಿಡ ನಿಮಗೆಲ್ಲ ಗೊತ್ತು. ಹಿಂಗಾರಿನಲ್ಲಿ ಜೋಳ, ಕಡಲೆ, ಕುಸುಬಿಯ ಜೊತೆಗೆ ನಮ್ಮ ಕರಿನೆಲದಲ್ಲಿ ನೀಲಿ ಹೂವು ಬಿಟ್ಟು ನಿಲ್ಲುವ ಅಗಸಿ ಅದು. ಹುರಿದು, ಬಳ್ಳೊಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿ, ಬಿಸಿ ರೊಟ್ಟಿಯ ಮೇಲೆ ಎಣ್ಣೆ ಬಿಟ್ಟು ನೀವು ಬಡಿಸುವ ಅಗಸಿ ಹಿಂಡಿ ಅದು. ಅವರು ಕಾಂಡದಿಂದ ದಾರ ತೆಗೆದರು, ದಾರದಿಂದ ಮಾತು ತೆಗೆದರು. ನಾವು ಬೀಜವನ್ನು ಉಂಡೆವು. 1874ರಲ್ಲಿ ಚಿತ್ತಾಪುರ, ಸೇಡಂ ಹೊಲಗಳ ನಡುವೆ ಆ ಮಾತು ಹಳಿಯಾಗಿ ಬಂದು ಇಳಿದಾಗ, ಅದರ ಹುಟ್ಟಿಗೆ ಕಾರಣವಾದ ಗಿಡ ಹಳಿಯ ಎರಡೂ ಬದಿಯ ಸೀಮೆಗೆ ಹಳೆಯ ಬೆಳೆಯಾಗಿತ್ತು.

ನಮ್ಮ ಕನ್ನಡದಲ್ಲಿ ಅಗಸಿ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ: ಊರ ಹೆಬ್ಬಾಗಿಲು. ಒಂದೇ ಪದ ಹೊಲದಲ್ಲೂ ನಿಂತಿದೆ, ಊರ ಮುಂದೆಯೂ ನಿಂತಿದೆ. ಅಗಸಿಯಿಲ್ಲದ ಹಳ್ಳಿಗೆ ಕಾವಲಿಲ್ಲ, ಸದಾ ಮುಚ್ಚಿದ ಅಗಸಿಯ ಹಳ್ಳಿಗೆ ಸಂತೆಯಿಲ್ಲ. ಹೊರಗಿನಿಂದ ಬಂದವರನ್ನು ಅಗಸಿಯಲ್ಲಿ ನಿಲ್ಲಿಸಿ, ಯಾವೂರು, ಏನು ಕೆಲಸ, ಯಾರ ಮನೆಗೆ ಎಂದು ಕೇಳಿ ಒಳಗೆ ಬಿಡುತ್ತಿದ್ದರು. ಮಾತುಗಳನ್ನೂ ಹಾಗೆಯೇ ಕೇಳೋಣ. ರಾಜ್ಯದ ಮನೆಮನೆಗೆ ಈ ಕೇಳುವ ಅಭ್ಯಾಸ ಕಲಿಸಿದವರು ಜಿ. ವೆಂಕಟಸುಬ್ಬಯ್ಯನವರು. ‘ಇಗೋ ಕನ್ನಡ’ ಅಂಕಣದಲ್ಲಿ ಸಾಮಾನ್ಯ ಓದುಗರು ಕೇಳಿದ ಒಂದೊಂದು ಪದಕ್ಕೂ ಅವರು ಕೂತು ಉತ್ತರ ಬರೆದರು. ಆ ಕೆಲಸವನ್ನು ನಮ್ಮ ಐದು ಊರಿನಲ್ಲಿ ನಾವು ಮುಂದುವರಿಸಬೇಕು. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಗ್ಯಾಂಗ್‌ಮನ್, ಲೈನ್‌ಮ್ಯಾನ್, ಗೌಂಡಿ, ಖಣಿ ಕೆಲಸದ ಅಪ್ಪ, ಜಂಪರ್ ಹೊಲಿಯುವ ಅವ್ವ ಆಡುವ ಮಾತುಗಳನ್ನು ಒಂದು ಡಬಲ್ ಲೈನ್ ಪುಸ್ತಕದಲ್ಲಿ ಬರೆದಿಡಿ. ಅರ್ಥದ ಜೊತೆಗೆ ಆ ಮಾತು ಯಾರ ಬಾಯಲ್ಲಿ, ಯಾವ ಹೊತ್ತಿನಲ್ಲಿ ಬಂತು ಎಂಬುದನ್ನೂ ಬರೆಯಿರಿ. ಪಾಳಿ, ಗೆರೆ, ಅಸ್ತರಗಳನ್ನು ಬಿಡಬೇಡಿ.

ನಮ್ಮ ಕಾಕಾ ಈಗ ಇಲ್ಲ. ಆ ಸಂಜೆ ಅವರು ಕಟ್ಟೆಯಿಂದ ಎದ್ದದ್ದು ತಮಗೆ ಗೊತ್ತಿದ್ದ ಅರ್ಥದಿಂದ ಯಾರದೋ ಮಗನ ಜೀವ ಉಳಿಸಲೆಂದು. ಹುಡುಗ ಇಳಿದು ಬಂದು, ತನ್ನ ಅರ್ಥವನ್ನು ಅವರಿಗೆ ಬಿಡಿಸಿ ಹೇಳಿ, ಅವರು ಹೂಂ ಎಂದ ಮೇಲೆಯೇ ಕಂಬ ಹತ್ತಿದ. ಸ್ವಲ್ಪ ಹೊತ್ತಿಗೆ ಓಣಿಯ ದೀಪಗಳೆಲ್ಲ ಹತ್ತಿದವು.